ಲೇಖನ ಕೈಸೇರಿದ ದಿನದಿಂದ ಹಿಂಪಡೆಯುವ ದಿನದವರೆಗೆ: ಸಂಶೋಧನಾ ಪತ್ರಿಕೆಯ ಹೊಸ ಸಂಪಾದಕರಿಗೆ

ಕಾಲೇಜಿನಿಂದಲೋ ವಿಶ್ವವಿದ್ಯಾಲಯದಿಂದಲೋ ಹೊರಡುವ ಸಂಶೋಧನಾ ಪತ್ರಿಕೆಯ ಸಂಪಾದಕತ್ವಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ. ಹಿಂದೆ ಇದ್ದವರು ನಿವೃತ್ತರಾಗುತ್ತಾರೆ, ಪ್ರಾಂಶುಪಾಲರು ಕರೆದು "ಇನ್ಮೇಲೆ ಜರ್ನಲ್ ನೀವೇ ನೋಡ್ಕೊಳ್ಳಿ ಮೇಡಂ" ಅನ್ನುತ್ತಾರೆ. ಕೈಗೆ ಸಿಗುವುದು ಒಂದು ಇಮೇಲ್ ಪಾಸ್‌ವರ್ಡ್, ಬೀರುವಿನ ತುಂಬ ಹಳೆಯ ಸಂಚಿಕೆಗಳು, ತೆರೆದು ನೋಡದ ಲೇಖನಗಳ ರಾಶಿ. ಪ್ರಕಟಣೆಯ ನೀತಿನಿಯಮಗಳ ಬಗ್ಗೆ ಯಾರೂ ಏನೂ ಹೇಳಿರುವುದಿಲ್ಲ. ಈ ಬರಹ ಅಂಥವರಿಗೆ.

ಕೃತಿಚೌರ್ಯ, ಸುಳ್ಳು ದತ್ತಾಂಶ ಎಂದ ಕೂಡಲೇ ನಮಗೆ ನೆನಪಾಗುವುದು ಪತ್ರಿಕೆಗಳಲ್ಲಿ ಸುದ್ದಿಯಾದ ವಂಚಕರು. ನಮ್ಮ ಸಣ್ಣ ಜರ್ನಲ್‌ಗಳನ್ನು ಕೆಡಿಸುವುದು ಹೆಚ್ಚಾಗಿ ದಾಕ್ಷಿಣ್ಯ. ಗುರುಗಳ ಶಿಷ್ಯನ ಲೇಖನ, ಮ್ಯಾನೇಜ್‌ಮೆಂಟಿನವರು ಹೇಳಿ ಕಳಿಸಿದ ಲೇಖನ, ಬಡ್ತಿಗೆ ಇನ್ನೊಂದೇ ಪೇಪರ್ ಕಡಿಮೆಯಿರುವ ಸಹೋದ್ಯೋಗಿಯ ಲೇಖನ. ಇವರೆದುರು ಪ್ರತಿಸಲ ಧೈರ್ಯ ತಂದುಕೊಳ್ಳಿ ಎಂದರೆ ಆಗುವ ಮಾತಲ್ಲ. ನಿಯಮವನ್ನು ಮುಂಚೆಯೇ ಬರೆದಿಟ್ಟು, ಬಂದವರಿಗೆಲ್ಲ ಅದೇ ಪ್ರಶ್ನೆಗಳನ್ನು ಬರಹದಲ್ಲಿ ಕೇಳುವ ರೂಢಿ ಹಾಕಿಕೊಂಡರೆ, "ಆಗುವುದಿಲ್ಲ" ಎನ್ನುವ ಕೆಲಸವನ್ನು ಬಹುಮಟ್ಟಿಗೆ ಆ ಕಾಗದವೇ ಮಾಡುತ್ತದೆ.

ಹಂತ 1: ಲೇಖನ ತೆರೆಯುವ ಮೊದಲು ನಿಯಮ ಬರೆಯಿರಿ

ಎರಡು ಪುಟ ಸಾಕು. ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಗಿಲ್ಲ. ಬ್ರಿಟನ್ನಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1997ರಲ್ಲಿ ಸೇರಿ ಕಟ್ಟಿದ ಕಮಿಟಿ ಆನ್ ಪಬ್ಲಿಕೇಷನ್ ಎಥಿಕ್ಸ್, ಎಲ್ಲರೂ ಕರೆಯುವಂತೆ ಕೋಪ್, ತನ್ನ ಮಾರ್ಗಸೂಚಿಗಳನ್ನೂ "ಹೀಗಾದರೆ ಮುಂದೆ ಹೀಗೆ" ಎಂದು ತೋರಿಸುವ ನಕ್ಷೆಗಳನ್ನೂ ಉಚಿತವಾಗಿ ಜಾಲತಾಣದಲ್ಲಿ ಇಟ್ಟಿದೆ. ಅವನ್ನು ಯಾರು ಬೇಕಾದರೂ ಬಳಸಬಹುದು. ಸದಸ್ಯತ್ವ ಪಡೆಯದೆ ಅದರ ಲಾಂಛನವನ್ನು ರಕ್ಷಾಪುಟದಲ್ಲಿ ಹಾಕಿಕೊಳ್ಳಬೇಡಿ, ಅಷ್ಟೇ. ಹಾಗೆ ಹಾಕಿಕೊಂಡ ಪತ್ರಿಕೆಗಳಿಗೆ ಕೊರತೆಯಿಲ್ಲ.

ನಿಯಮದಲ್ಲಿ ಮೊದಲು ಬರೆಯಬೇಕಾದದ್ದು ಯಾವ ಲೇಖನ ಅಚ್ಚಾಗಬೇಕೆಂದು ಕೊನೆಯದಾಗಿ ಹೇಳುವವರು ಯಾರು ಎಂಬುದು. ಮಾಲೀಕ ಸಂಸ್ಥೆ ಕಟ್ಟಡ, ಸಂಬಳ, ಮುದ್ರಣದ ಖರ್ಚು ಕೊಡಲಿ. ಲೇಖನದ ತೀರ್ಮಾನ ಸಂಪಾದಕರದ್ದು. ಈ ಸಾಲು ಬರಹದಲ್ಲಿ ಇಲ್ಲದಿದ್ದರೆ ಮುಂದಿನ ಹಂತಗಳೆಲ್ಲ ವ್ಯರ್ಥ. ದೊಡ್ಡ ಪತ್ರಿಕೆಗಳಿಗೂ ಈ ಕಷ್ಟ ತಪ್ಪಿಲ್ಲ. ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯ ಸಂಪಾದಕ ಜಾನ್ ಹೋಯಿ ಅವರನ್ನು 2006ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆದರು. ಅದಕ್ಕೆ ಸ್ವಲ್ಪ ಮುಂಚೆ ಪತ್ರಿಕೆಯ ಒಂದು ಸುದ್ದಿ ವರದಿಯಲ್ಲಿ ಮಾಲೀಕರು ಕೈಹಾಕಿದ್ದರ ಬಗ್ಗೆ ಜಗಳವಾಗಿತ್ತು. ಸಂಪಾದಕ ಮಂಡಳಿಯ ಹಲವರು ರಾಜೀನಾಮೆ ಕೊಟ್ಟು ಹೊರಬಂದರು.

ಶುಲ್ಕ ಪಡೆಯುವುದಾದರೆ ಎಷ್ಟು, ಯಾವಾಗ ಎಂಬುದನ್ನು ಬಹಿರಂಗವಾಗಿ ಹಾಕಿ. ಹಣ ಕಟ್ಟಿಸಿಕೊಳ್ಳುವವರು ಬೇರೆ, ಲೇಖನ ಓದುವವರು ಬೇರೆ ಆಗಿರಲಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಒಂದು ಇಮೇಲ್ ಕಳಿಸಿ ಒಪ್ಪಿಗೆ ಪಡೆಯಿರಿ. ತಮ್ಮ ಹೆಸರು ಅಲ್ಲಿದೆ ಎಂಬುದೇ ಗೊತ್ತಿಲ್ಲದವರು ಆಗ ಬೆಳಕಿಗೆ ಬರುತ್ತಾರೆ. ತೀರಿಕೊಂಡವರ ಹೆಸರೂ ಸಿಗಬಹುದು.

ಲೇಖಕರು ಮೊದಲು ಕೇಳುವ ಪ್ರಶ್ನೆ "ಯುಜಿಸಿ ಕೇರ್ ಇದೆಯಾ ಸರ್?" ಒಪ್ಪಬಹುದಾದ ಪತ್ರಿಕೆಗಳದೆಂದು ಇಟ್ಟಿದ್ದ ಆ ಪಟ್ಟಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು, ಪತ್ರಿಕೆಯ ಗುಣಮಟ್ಟ ಅಳೆಯಲು ಕೆಲವು ಮಾನದಂಡಗಳನ್ನು ಸೂಚಿಸಿ, ನಿರ್ಧಾರವನ್ನು ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಬಿಟ್ಟಿದೆ. ಅದಕ್ಕೂ ಮೊದಲು, 2018ರ ಮೇ ತಿಂಗಳಲ್ಲಿ, ತನ್ನ ಹಳೆಯ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಸಲ ತೆಗೆದುಹಾಕಿತ್ತು. ಹಾಗಾಗಿ ಪಟ್ಟಿಯ ಹೆಸರಿನಲ್ಲಿ ಲೇಖಕರನ್ನು ಕರೆಯಬೇಡಿ. ಐಎಸ್‌ಎಸ್‌ಎನ್ ಎಂಬುದು ಪತ್ರಿಕೆಯ ಗುರುತಿನ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಊರು ಪೇರಿಲ್ಲದ ಏಜೆನ್ಸಿಗಳು ದುಡ್ಡಿಗೆ ಕೊಡುವ "ಇಂಪ್ಯಾಕ್ಟ್ ಫ್ಯಾಕ್ಟರ್" ಅಂಕಿಯನ್ನು, ಎಂದರೆ ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಲೆಕ್ಕವನ್ನು, ಅಚ್ಚು ಹಾಕಿಕೊಂಡರೆ ಮೊದಲ ಸುಳ್ಳು ಸಂಪಾದಕರದ್ದೇ ಆಗುತ್ತದೆ.

ಹಂತ 2: ಲೇಖನದ ಜೊತೆಗೆ ಒಂದು ನಮೂನೆ ಕೇಳಿ

ಲೇಖಕರ ಪಟ್ಟಿಯ ವಿಷಯದಲ್ಲಿ ಆಗುವಷ್ಟು ಅನ್ಯಾಯ ಬೇರೆಲ್ಲೂ ಆಗುವುದಿಲ್ಲ, ಅದರಲ್ಲಿ ಹೆಚ್ಚಿನದು ಹೊರಗೆ ಬರುವುದೂ ಇಲ್ಲ. 1978ರಲ್ಲಿ ವ್ಯಾಂಕೂವರ್‌ನಲ್ಲಿ ಮೊದಲು ಸಭೆ ಸೇರಿದ ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕ ಎನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನು ಹೇಳುತ್ತದೆ. ಯೋಜನೆ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲಿರಬೇಕು. ಬರೆದಿರಬೇಕು ಅಥವಾ ವಿಮರ್ಶಿಸಿ ತಿದ್ದಿರಬೇಕು. ಕೊನೆಯ ಕರಡನ್ನು ಒಪ್ಪಿರಬೇಕು. ನಾಳೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ ಹೊರಬೇಕು. ನಾಲ್ಕರಲ್ಲಿ ಒಂದು ಸಾಲದು, ನಾಲ್ಕೂ ಬೇಕು. ನಿಮ್ಮದು ವೈದ್ಯಕೀಯ ಪತ್ರಿಕೆಯಲ್ಲದಿದ್ದರೂ ಈ ಅಳತೆಗೋಲನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು.

ನಮ್ಮಲ್ಲಿ ಗೈಡ್ ಹೆಸರು ತಾನಾಗಿಯೇ ಸೇರಿಬಿಡುತ್ತದೆ. ಪ್ರಯೋಗಾಲಯದಲ್ಲಿ ಜೊತೆಗೆ ದುಡಿದ ಗೈಡ್ ಆದರೆ ಸರಿ. ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ಲೇಖನದಲ್ಲಿ ಒಂದು ವಾಕ್ಯವನ್ನೂ ತಿದ್ದದ ಗೈಡ್ ಹೆಸರು ಏಕೆ? ಇದನ್ನು ವಿದ್ಯಾರ್ಥಿಯ ಬಳಿ ಕೇಳಿದರೆ ಅವನು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾನೆ. ನಮೂನೆಯಲ್ಲಿ ಪ್ರತಿ ಹೆಸರಿನ ಮುಂದೆ "ಇವರು ಮಾಡಿದ ಕೆಲಸ" ಎಂಬ ಖಾಲಿ ಜಾಗ ಬಿಡಿ, ಎಲ್ಲ ಲೇಖಕರಿಗೂ ಬೇರೆಬೇರೆಯಾಗಿ ಇಮೇಲ್ ಮಾಡಿ ಒಪ್ಪಿಗೆ ಪಡೆಯಿರಿ. ಒಬ್ಬರ ಇಮೇಲಿನಿಂದಲೇ ಐವರ ಒಪ್ಪಿಗೆ ಬಂದರೆ ಅದು ಒಪ್ಪಿಗೆಯಲ್ಲ.

ಲೇಖನ ಸ್ವೀಕಾರವಾದ ಮೇಲೆ "ಇನ್ನೊಂದು ಹೆಸರು ಸೇರಿಸಿ" ಎಂಬ ಕೋರಿಕೆ ಬಂದರೆ ಕಿವಿ ನಿಮಿರಲಿ. ಸಿದ್ಧ ಲೇಖನಗಳನ್ನು ತಯಾರಿಸಿ ಮಾರುವ ಪೇಪರ್ ಮಿಲ್‌ಗಳು ಲೇಖಕನ ಸ್ಥಾನವನ್ನು ಹೀಗೆಯೇ ಮಾರುತ್ತವೆ. ಸ್ವೀಕಾರ ಪತ್ರ ಕೈಗೆ ಬಂದ ಮೇಲೆ ಆ ಸ್ಥಾನಕ್ಕೆ ಬೆಲೆ. ಕಾರಣವನ್ನು ಬರಹದಲ್ಲಿ ಕೇಳಿ, ಹಳೆಯ ಲೇಖಕರೆಲ್ಲರ ಸಹಿ ಕೇಳಿ. ಪ್ರಾಮಾಣಿಕರು ಕಳಿಸುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ.

ಅದೇ ನಮೂನೆಯಲ್ಲಿ ಹಣ ಕೊಟ್ಟವರು ಯಾರು, ಹಿತಾಸಕ್ತಿ ಸಂಘರ್ಷ ಏನಾದರೂ ಇದೆಯೇ, ಈ ಲೇಖನ ಬೇರೆಲ್ಲಾದರೂ ಬಂದಿದೆಯೇ, ಬೇರೆ ಪತ್ರಿಕೆಯ ಮುಂದೆ ಇದೆಯೇ ಎಂಬ ಪ್ರಶ್ನೆಗಳಿರಲಿ. ರೋಗಿಗಳ ಮೇಲಿನ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರದ ಸಂಖ್ಯೆ, ದಿನಾಂಕ ಬೇಕು. ಔಷಧ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಬೇಕು. ಆ ನೋಂದಣಿ ಶುರುವಾದದ್ದು 2007ರ ಜುಲೈನಲ್ಲಿ, ಕಡ್ಡಾಯವಾದದ್ದು 2009ರ ಜೂನ್ 15ರಿಂದ. ನೋಂದಣಿಯ ದಿನಾಂಕ ಪ್ರಯೋಗ ಆರಂಭದ ದಿನಾಂಕಕ್ಕಿಂತ ಹಿಂದಿನದೇ ಎಂದು ತಾಣಕ್ಕೆ ಹೋಗಿ ಒಮ್ಮೆ ನೋಡಿ. ಎರಡು ನಿಮಿಷದ ಕೆಲಸ, ಬಹಳ ಜನ ಮಾಡುವುದಿಲ್ಲ.

ಮಾನವಿಕ ವಿಷಯಗಳವರು "ನಮಗೆ ಇದೆಲ್ಲ ಇಲ್ಲ" ಎಂದು ಪಾರಾಗುವಂತಿಲ್ಲ. ಹಾಡುಗಾರ್ತಿಯೊಬ್ಬಳಿಂದ ಹತ್ತು ಪದ ಬರೆದುಕೊಂಡು ಬಂದವರು ಆಕೆಯ ಹೆಸರು ಹಾಕಲು ಕೇಳಿದ್ದಾರೆಯೇ, ಫೋಟೋ ಅಚ್ಚಾಗುತ್ತದೆ ಎಂದು ಹೇಳಿದ್ದಾರೆಯೇ? ಜಾತಿ, ಕಾಯಿಲೆ, ಕುಟುಂಬದ ಜಗಳದ ವಿವರ ಇರುವ ಸಂದರ್ಶನದಲ್ಲಿ ಊರಿನ ಹೆಸರು ಹಾಕಿದರೆ ವ್ಯಕ್ತಿಯ ಹೆಸರು ಬಿಟ್ಟರೂ ಊರಿನವರಿಗೆ ಗೊತ್ತಾಗುತ್ತದೆ. ಕ್ಷೇತ್ರಕಾರ್ಯದ ಲೇಖನಗಳಿಗೆ ಈ ಪ್ರಶ್ನೆಗಳ ಪ್ರತ್ಯೇಕ ಹಾಳೆ ಇಟ್ಟುಕೊಳ್ಳಿ.

ಹಂತ 3: ಹೋಲಿಕೆಯ ವರದಿಯನ್ನು ಓದಿ, ಶೇಕಡಾವಾರು ನೋಡಿ ಬಿಡಬೇಡಿ

ಲೇಖನ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ತಂತ್ರಾಂಶ ಕೊಡುವ ಲೆಕ್ಕವೇ ಹೋಲಿಕೆಯ ವರದಿ. ಯುಜಿಸಿಯ 2018ರ ನಿಯಮಾವಳಿ ಹೋಲಿಕೆಯನ್ನು ಶೇ 10ರವರೆಗೆ, 10ರಿಂದ 40, 40ರಿಂದ 60, ಅದಕ್ಕೂ ಮೇಲೆ ಎಂದು ವಿಂಗಡಿಸುತ್ತದೆ. ಇದು ಸಂಸ್ಥೆಗಳು ಶಿಸ್ತುಕ್ರಮಕ್ಕಾಗಿ ಇಟ್ಟುಕೊಂಡ ಲೆಕ್ಕ. ಸಂಪಾದಕರು ಇದನ್ನೇ ಪಾಸು-ಫೇಲಿನ ಗೆರೆ ಮಾಡಿಕೊಂಡುಬಿಟ್ಟಿದ್ದಾರೆ. ವಚನಗಳ ಬಗ್ಗೆ ಬರೆದ ಲೇಖನದಲ್ಲಿ ವಚನಗಳೇ ಕಾಲು ಭಾಗ ಇರುತ್ತವೆ, ಶಾಸನಗಳ ಲೇಖನದಲ್ಲಿ ಶಾಸನಪಾಠ ಇರುತ್ತದೆ. ವರದಿ ಕೆಂಪಾಗಿ ಬಂದರೂ ಅಲ್ಲಿ ತಪ್ಪಿಲ್ಲ. ಇನ್ನೊಂದು ಲೇಖನದಲ್ಲಿ ಶೇ 7 ಮಾತ್ರ ಬಂದಿರುತ್ತದೆ, ಆ ಏಳೂ ಬೇರೊಬ್ಬರ ತೀರ್ಮಾನದ ಪ್ಯಾರಾ. ಅದು ಕಳವು.

ಕನ್ನಡದ ಕಷ್ಟ ಬೇರೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ, ಎಂದರೆ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ, ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿನ ಮಟ್ಟಿಗೆ ಅದು ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ಅದನ್ನು ತಂತ್ರಾಂಶಕ್ಕೆ ಕೊಟ್ಟು "ಹೋಲಿಕೆ ಸೊನ್ನೆ" ಎಂದು ಬಂದ ವರದಿಗೆ ಯಾವ ಅರ್ಥವೂ ಇಲ್ಲ. ಯೂನಿಕೋಡ್ ಕಡತವನ್ನೇ ಕೇಳಿ, ಬಾರದಿದ್ದರೆ ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ. ಅಷ್ಟಾದರೂ ಸಮಸ್ಯೆ ಪೂರ್ತಿ ನೀಗದು, ಏಕೆಂದರೆ ಐವತ್ತು ವರ್ಷ ಹಿಂದಿನ ಪುಸ್ತಕ, ವಿಶೇಷ ಸಂಚಿಕೆ, ಅಭಿನಂದನ ಗ್ರಂಥಗಳಲ್ಲಿ ಹೆಚ್ಚಿನವು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ರೂಪದಲ್ಲಿಲ್ಲ. ಪಿಎಚ್‌ಡಿ ಪ್ರಬಂಧಗಳನ್ನು ಸಂಗ್ರಹಿಸಿಡುವ ಶೋಧಗಂಗಾ ತಾಣದಲ್ಲಿರುವ ಎಷ್ಟೋ ಕನ್ನಡ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು.

ಹಾಗಾಗಿ ಕೈಯಿಂದಲೇ ಮಾಡಬೇಕಾದ ಕೆಲಸ ಉಳಿಯುತ್ತದೆ. ಲೇಖನದಲ್ಲಿ ಶೈಲಿ ಥಟ್ಟನೆ ಬದಲಾದ ಕಡೆ ಗುರುತು ಹಾಕಿ. ನಡುವೆ ಒಂದು ಪ್ಯಾರಾ ಮಾತ್ರ ಸೊಗಸಾದ ಹಳೆಯ ಗದ್ಯದಲ್ಲಿದ್ದರೆ ಅದು ಎಲ್ಲಿಂದಲೋ ಬಂದದ್ದು. ಅಲ್ಲಿಂದ ಒಂದು ವಾಕ್ಯ ಎತ್ತಿ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಶೋಧಗಂಗಾದಲ್ಲಿ ಅದೇ ವಿಷಯದ ಎರಡು ಮೂರು ಪ್ರಬಂಧಗಳ ಅಧ್ಯಾಯಗಳನ್ನು ತೆರೆದು ನೋಡಿ. ಇಂಗ್ಲಿಷಿನಿಂದ ಅನುವಾದಿಸಿ ತನ್ನದೆಂದು ಕೊಟ್ಟ ಲೇಖನವನ್ನು ಸಾಮಾನ್ಯವಾಗಿ ಯಾವ ತಂತ್ರಾಂಶವೂ ಹಿಡಿಯುವುದಿಲ್ಲ. ಅದರ ಸುಳಿವು ಉಲ್ಲೇಖ ಪಟ್ಟಿಯಲ್ಲಿ ಸಿಗುತ್ತದೆ: ಕನ್ನಡದ ಒಂದು ಆಕರವೂ ಇರುವುದಿಲ್ಲ, ಎಲ್ಲ ಉಲ್ಲೇಖಗಳೂ ಒಂದು ನಿರ್ದಿಷ್ಟ ವರ್ಷಕ್ಕೆ ನಿಂತುಹೋಗಿರುತ್ತವೆ.

ಇಂಗ್ಲಿಷ್ ಪತ್ರಿಕೆಗಳಲ್ಲಿ ಕಳ್ಳರು ತಂತ್ರಾಂಶವನ್ನು ಯಾಮಾರಿಸಲು ಪದಗಳನ್ನೇ ಬದಲಿಸಿದರು. ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಹೀಗೆ ಚಿತ್ರಹಿಂಸೆಗೆ ಒಳಗಾದ ಪದಗಳನ್ನು ಪಟ್ಟಿ ಮಾಡಿದರು. ಕೃತಕ ಬುದ್ಧಿಮತ್ತೆ ಎನ್ನಬೇಕಾದ ಕಡೆ "ಖೋಟಾ ಪ್ರಜ್ಞೆ" ಎಂಬರ್ಥದ ಮಾತು, ಸ್ತನ ಕ್ಯಾನ್ಸರ್ ಎನ್ನಬೇಕಾದ ಕಡೆ "ಎದೆಯ ಗಂಡಾಂತರ" ಎಂಬರ್ಥದ ಮಾತು. ಇವು ಸಂಪಾದಕರನ್ನೂ, ಲೇಖನ ಓದಿ ಅಭಿಪ್ರಾಯ ಹೇಳುವ ವಿಷಯತಜ್ಞರಾದ ಪರಿಶೀಲಕರನ್ನೂ ದಾಟಿ ಅಚ್ಚಾಗಿದ್ದವು ಎಂದರೆ, ಯಾರೂ ಓದಿರಲಿಲ್ಲ ಎಂದೇ ಅರ್ಥ.

ನಮ್ಮಲ್ಲಿ ತೀರ ಸಾಮಾನ್ಯವಾದದ್ದು ತನ್ನದನ್ನೇ ಮತ್ತೆಮತ್ತೆ ಅಚ್ಚು ಮಾಡುವುದು. ವಿಚಾರ ಸಂಕಿರಣದ ಸಂಪುಟದಲ್ಲಿ ಬಂದದ್ದು, ಆಮೇಲೆ ಜರ್ನಲ್‌ನಲ್ಲಿ, ಆಮೇಲೆ ಯಾರದೋ ಅಭಿನಂದನ ಗ್ರಂಥದಲ್ಲಿ, ಶೀರ್ಷಿಕೆ ಮಾತ್ರ ಬೇರೆ. ಮರುಮುದ್ರಣ ತಪ್ಪಲ್ಲ. ಮೊದಲು ಎಲ್ಲಿ ಬಂತೆಂದು ಹೇಳದೆ ಹೊಸದೆಂದು ಲೆಕ್ಕ ತೋರಿಸುವುದು ತಪ್ಪು.

ಹಂತ 4: ಪರಿಶೀಲಕರನ್ನು ನೀವೇ ಹುಡುಕಿ

ಲೇಖಕರು ಸೂಚಿಸಿದ ಪರಿಶೀಲಕರನ್ನು ಕಣ್ಣುಮುಚ್ಚಿ ಒಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯದ ಔಷಧಿ ಸಸ್ಯಗಳ ಸಂಶೋಧಕ ಹ್ಯುಂಗ್-ಇನ್ ಮೂನ್ ಪ್ರಕರಣ ನೋಡಿ. 2012ರಲ್ಲಿ ಅದು ಬಯಲಾಯಿತು. ಅವರು ಸೂಚಿಸಿದ ಪರಿಶೀಲಕರ ಇಮೇಲ್‌ಗಳು ಅವರಿಗೋ ಅವರ ಸಂಗಡಿಗರಿಗೋ ಬಂದು ಸೇರುತ್ತಿದ್ದವು, ವರದಿಗಳು ಒಂದೇ ದಿನದಲ್ಲಿ ವಾಪಸ್ಸಾಗುತ್ತಿದ್ದವು. ಸಂಪಾದಕರಿಗೆ ಅನುಮಾನ ಹುಟ್ಟಿಸಿದ್ದು ಆ ಚುರುಕುತನವೇ. ತಿಂಗಳುಗಟ್ಟಲೆ ಪರಿಶೀಲಕರ ಹಿಂದೆ ಬಿದ್ದ ಯಾರಿಗಾದರೂ ಅದು ಅನುಮಾನ ಬರುವ ವಿಷಯವೇ. 2014ರಲ್ಲಿ ಇಂಥದೇ ಸುಳ್ಳು ಪರಿಶೀಲನೆಯ ಜಾಲದಿಂದಾಗಿ ಜರ್ನಲ್ ಆಫ್ ವೈಬ್ರೇಷನ್ ಆ್ಯಂಡ್ ಕಂಟ್ರೋಲ್ 60 ಲೇಖನಗಳನ್ನು ಹಿಂಪಡೆಯಿತು, ಎಂದರೆ ಅವನ್ನು ನಂಬಬಾರದೆಂದು ಬಹಿರಂಗವಾಗಿ ಸಾರಿತು. ಪರಿಶೀಲಕರ ಇಮೇಲನ್ನು ಅವರ ಸಂಸ್ಥೆಯ ತಾಣದಿಂದ ತೆಗೆದುಕೊಳ್ಳಿ. ಜಿಮೇಲ್ ವಿಳಾಸವಾದರೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಲೇಖಕರ, ಪರಿಶೀಲಕರ ಹೆಸರುಗಳನ್ನು ಪರಸ್ಪರ ಮುಚ್ಚಿಡುವ ಪದ್ಧತಿ ಒಳ್ಳೆಯದೇ. ಆದರೆ ಹಳಗನ್ನಡ ಛಂದಸ್ಸಿನ ಮೇಲೆ ಕೆಲಸ ಮಾಡುವವರು ಕರ್ನಾಟಕದಲ್ಲಿ ಎಷ್ಟು ಜನ ಇದ್ದಾರೆ? ಎರಡು ಪುಟ ಓದಿದರೆ ಯಾರು ಬರೆದದ್ದೆಂದು ಗೊತ್ತಾಗುತ್ತದೆ. ಅದಕ್ಕೇ ಪರಿಶೀಲಕರಿಗೆ ನೇರವಾಗಿ ಕೇಳಿ: "ಲೇಖಕರು ಯಾರೆಂದು ಊಹಿಸಬಲ್ಲಿರಾ? ಅವರು ನಿಮ್ಮ ವಿದ್ಯಾರ್ಥಿಯೋ, ಗುರುವೋ, ಜೊತೆಗೆ ಪುಸ್ತಕ ಮಾಡಿದವರೋ, ಜಗಳವಾಡಿದವರೋ?" ಹೌದೆಂದರೆ ಬೇರೆಯವರಿಗೆ ಕಳಿಸಿ.

ಪರಿಶೀಲಕರು ತಮ್ಮದೇ ನಾಲ್ಕು ಲೇಖನ ಉಲ್ಲೇಖಿಸಬೇಕೆಂದು ಬರೆದರೆ, ಅದರಲ್ಲಿ ಅಗತ್ಯವಿಲ್ಲದ್ದನ್ನು ಕೈಬಿಡಬಹುದೆಂದು ಲೇಖಕರಿಗೆ ತಿಳಿಸಿ. ಸಂಪಾದಕರೇ "ನಮ್ಮ ಪತ್ರಿಕೆಯ ಹಳೆಯ ಲೇಖನಗಳನ್ನು ಉಲ್ಲೇಖಿಸಿ" ಎಂದು ಒತ್ತಾಯಿಸುವುದಂತೂ ಸರಿಯಲ್ಲ. ನಿಮ್ಮದೇ ಲೇಖನ, ನಿಮ್ಮ ಸಂಗಾತಿಯ ಲೇಖನ, ನಿಮ್ಮ ಪಿಎಚ್‌ಡಿ ವಿದ್ಯಾರ್ಥಿಯ ಲೇಖನ ಬಂದರೆ ಪೂರ್ತಿ ಕಡತವನ್ನು ಮಂಡಳಿಯ ಇನ್ನೊಬ್ಬರಿಗೆ ಒಪ್ಪಿಸಿ, ಪ್ರಕಟವಾದರೆ ಕೊನೆಯಲ್ಲಿ ಹಾಗೆಂದು ಒಂದು ಸಾಲು ಹಾಕಿ.

ಹಂತ 5: ಮೂಲ ದತ್ತಾಂಶ ಕೇಳಿ

ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಇದು, ನಿಜ. ಆದರೂ ಕೇಳಿದಾಗ ಏನು ಸಿಗುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಬ್ರಿಟನ್ನಿನ ಅನಸ್ತೀಸಿಯಾ ಪತ್ರಿಕೆಯ ಸಂಪಾದಕರಲ್ಲೊಬ್ಬರಾದ ಜಾನ್ ಕಾರ್ಲೈಲ್, 2017ರ ಫೆಬ್ರವರಿಯಿಂದ 2020ರ ಮಾರ್ಚ್‌ವರೆಗೆ ಬಂದ 526 ಪ್ರಯೋಗಗಳ ಲೇಖನಗಳನ್ನು ಜಾಲಾಡಿದರು. ಅವುಗಳಲ್ಲಿ 153ಕ್ಕೆ ಒಬ್ಬೊಬ್ಬ ರೋಗಿಯ ವಿವರವಿರುವ ತಖ್ತೆ ಸಿಕ್ಕಿತ್ತು. ಆ 153ರಲ್ಲಿ ಶೇ 44ರಲ್ಲಿ ಸುಳ್ಳು ದತ್ತಾಂಶ ಕಂಡಿತು. ತಖ್ತೆ ಕೈಯಲ್ಲಿಲ್ಲದ ಲೇಖನಗಳಲ್ಲಿ ಪತ್ತೆಯಾದ ಸುಳ್ಳು ಅದರ ಮುಂದೆ ಏನೇನೂ ಅಲ್ಲ. ಸುಳ್ಳು ಇಲ್ಲದ್ದರಿಂದಲ್ಲ, ನೋಡಲು ಏನೂ ಇಲ್ಲದ್ದರಿಂದ.

ಕೋವಿಡ್ ಕಾಲದ ಸರ್ಜಿಸ್ಫಿಯರ್ ಎಂಬ ದತ್ತಾಂಶ ಕಂಪನಿಯ ಪ್ರಕರಣವೂ ಇದೇ ಪಾಠ. 671 ಆಸ್ಪತ್ರೆಗಳ 96,032 ರೋಗಿಗಳ ದಾಖಲೆ ಎಂದು ಹೇಳಿಕೊಂಡ ಹೈಡ್ರಾಕ್ಸಿಕ್ಲೋರೊಕ್ವಿನ್ ಔಷಧದ ಲೇಖನ 2020ರ ಮೇ 22ರಂದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನೇ ಕೆಲಕಾಲ ನಿಲ್ಲಿಸಿತು. ಜೂನ್ 4ಕ್ಕೆ ಲೇಖನ ಹಿಂಪಡೆಯಲಾಯಿತು, ಏಕೆಂದರೆ ಸ್ವತಂತ್ರ ಪರಿಶೀಲನೆಗೆ ದತ್ತಾಂಶ ಕೊಡಲು ಕಂಪನಿ ಒಪ್ಪಲಿಲ್ಲ. "ಕಚ್ಚಾ ದತ್ತಾಂಶವನ್ನು ಲೇಖಕರಲ್ಲಿ ಯಾರು ಯಾರು ಕಣ್ಣಾರೆ ನೋಡಿದ್ದೀರಿ?" ಎಂಬ ಒಂದು ಪ್ರಶ್ನೆ ನಮೂನೆಯಲ್ಲಿ ಇರಬೇಕಾದದ್ದು ಇದಕ್ಕೆ.

ಚಿತ್ರಗಳ ವಿಷಯದಲ್ಲಿ ಜರ್ನಲ್ ಆಫ್ ಸೆಲ್ ಬಯಾಲಜಿ 2002ರಿಂದಲೇ ಸ್ವೀಕರಿಸಿದ ಲೇಖನಗಳ ಚಿತ್ರಗಳನ್ನೆಲ್ಲ ಪರೀಕ್ಷಿಸತೊಡಗಿತು. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 2016ರಲ್ಲಿ 40 ಪತ್ರಿಕೆಗಳ 20,621 ಲೇಖನಗಳನ್ನು ನೋಡಿ ಶೇ 3.8ರಲ್ಲಿ ಸಮಸ್ಯೆಯ ಚಿತ್ರಗಳನ್ನು ಕಂಡರು. ಬೆಂಗಳೂರಿಗೂ ಇದು ದೂರದ ಕಥೆಯಲ್ಲ: ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ (ಎನ್‌ಸಿಬಿಎಸ್) 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿಯಲ್ಲಿ ಬಂದ ಲೇಖನದ ಚಿತ್ರಗಳ ಬಗ್ಗೆ, ಪ್ರಕಟಿತ ಲೇಖನಗಳನ್ನು ಓದುಗರು ಚರ್ಚಿಸುವ ಪಬ್‌ಪಿಯರ್ ತಾಣದಲ್ಲಿ ಪ್ರಶ್ನೆಗಳೆದ್ದವು, ಸಂಸ್ಥೆ ತನಿಖೆ ನಡೆಸಿತು, 2021ರಲ್ಲಿ ಲೇಖನ ಹಿಂಪಡೆಯಲಾಯಿತು. ನೀವು ಮಾಡಬಹುದಾದದ್ದು ಸರಳ. ಚಿತ್ರದ ಕಾಂಟ್ರಾಸ್ಟ್ ಏರಿಸಿ ನೋಡಿ, ಕತ್ತರಿಸಿ ಅಂಟಿಸಿದ ಅಂಚು ಎದ್ದು ಕಾಣುತ್ತದೆ. ಮೂಲ ಕಡತ ಕಳಿಸಿ ಎಂದು ಕೇಳಿ.

ಕೃತಕ ಬುದ್ಧಿಮತ್ತೆಯ ಬಗ್ಗೆ ಸದ್ಯಕ್ಕೆ ಮೂರು ಮಾತು ಸಾಕು. ಚಾಟ್‌ಜಿಪಿಟಿಯಂಥ ಸಾಧನ ಲೇಖಕನಾಗಲಾರದು, ಏಕೆಂದರೆ ಅದು ಹೊಣೆ ಹೊರಲಾರದು. ಕೋಪ್ 2023ರಲ್ಲೇ ಇದನ್ನು ಹೇಳಿದೆ. ಬಳಸಿದ್ದರೆ ಎಲ್ಲಿ, ಯಾವುದಕ್ಕೆ ಎಂದು ಲೇಖಕರು ಹೇಳಬೇಕು. ಪರಿಶೀಲಕರು ಅಪ್ರಕಟಿತ ಲೇಖನವನ್ನು ಅಂಥ ಸಾಧನಕ್ಕೆ ತುಂಬಬಾರದು. ಉಲ್ಲೇಖ ಪಟ್ಟಿಯಿಂದ ಐದು ಪುಸ್ತಕ ಆರಿಸಿ ಅವು ನಿಜಕ್ಕೂ ಇವೆಯೇ ಎಂದು ನೋಡಿ. ಇಲ್ಲದ ಪುಸ್ತಕಗಳನ್ನು ಸೃಷ್ಟಿಸುವುದರಲ್ಲಿ ಈ ಸಾಧನಗಳು ನಿಸ್ಸೀಮ. 2024ರ ಫೆಬ್ರವರಿಯಲ್ಲಿ ಫ್ರಾಂಟಿಯರ್ಸ್ ಸಂಸ್ಥೆಯ ಪತ್ರಿಕೆಯೊಂದರಲ್ಲಿ ಯಂತ್ರ ಬರೆದ ಇಲಿಯ ಚಿತ್ರ, ಅರ್ಥವಿಲ್ಲದ ಅಕ್ಷರಗಳ ಸಮೇತ, ಅಚ್ಚಾಗಿ ಕೆಲವೇ ದಿನಗಳಲ್ಲಿ ಲೇಖನವನ್ನೇ ಹಿಂಪಡೆಯಬೇಕಾಯಿತು.

ಹಂತ 6: ವಿಶೇಷ ಸಂಚಿಕೆಯ ಬೀಗದ ಕೈ ಬಿಟ್ಟುಕೊಡಬೇಡಿ

2023ರಲ್ಲಿ ಹಿಂದಾವಿ ಪ್ರಕಾಶನದ ಪತ್ರಿಕೆಗಳಿಂದಲೇ 8,000ಕ್ಕೂ ಹೆಚ್ಚು ಲೇಖನಗಳು ಹಿಂಪಡೆಯಲ್ಪಟ್ಟವು. ಬಹುಪಾಲು ಅತಿಥಿ ಸಂಪಾದಕರ ವಿಶೇಷ ಸಂಚಿಕೆಗಳಲ್ಲಿ ಬಂದವು. ನಮ್ಮಲ್ಲಿ ಇದರ ರೂಪ ವಿಚಾರ ಸಂಕಿರಣ: ನೋಂದಣಿ ಶುಲ್ಕದಲ್ಲಿ ಊಟ, ಬ್ಯಾಗು, ಪ್ರಮಾಣಪತ್ರದ ಜೊತೆಗೆ "ಐಎಸ್‌ಎಸ್‌ಎನ್ ಸಂಚಿಕೆಯಲ್ಲಿ ಪೇಪರ್" ಕೂಡ ಸೇರಿರುತ್ತದೆ. ಆ ಮಾತು ಕೊಟ್ಟ ಮೇಲೆ ಪರಿಶೀಲನೆಗೆ ಜಾಗವೇ ಉಳಿಯುವುದಿಲ್ಲ. ಸಂಕಿರಣದ ಕರಪತ್ರ ಅಚ್ಚಾಗುವ ಮುಂಚೆಯೇ, ಆಯ್ಕೆಯಾದ ಲೇಖನ ಮಾತ್ರ ಪ್ರಕಟವಾಗುತ್ತದೆ ಎಂಬ ಸಾಲು ಅದರಲ್ಲಿ ಇರುವಂತೆ ನೋಡಿಕೊಳ್ಳಿ. ಅತಿಥಿ ಸಂಪಾದಕರು ಆರಿಸಲಿ, ಕೊನೆಯ ಸಹಿ ನಿಮ್ಮದಿರಲಿ.

ಹಂತ 7: ದೂರು ಬಂದಾಗ

ಒಂದು ದಿನ ಬಂದೇ ಬರುತ್ತದೆ. ಸಹಿಯಿಲ್ಲದ ಪತ್ರವೂ ಆಗಿರಬಹುದು. ಯಾರು ಬರೆದರು ಎಂದು ಪತ್ತೆಹಚ್ಚಲು ಹೊರಡಬೇಡಿ. ಪುಟ ಸಂಖ್ಯೆ, ಸಾಕ್ಷ್ಯ ಇದ್ದರೆ ಅನಾಮಧೇಯ ದೂರೂ ದೂರೇ. ಸಾಕ್ಷ್ಯವಿಲ್ಲದೆ ಬರೀ ಬೈಗುಳವಾದರೆ ಕಡತದಲ್ಲಿಟ್ಟು ಮುಂದೆ ಹೋಗಿ. ದೂರುದಾರರ ಹೆಸರು ಗೊತ್ತಿದ್ದರೆ ಲೇಖಕರಿಗೆ ಹೇಳಬೇಡಿ.

ಮೊದಲ ತಪ್ಪು ಆಗುವುದು ಫೋನಿನಲ್ಲಿ. "ಏನ್ ಸಾರ್ ಹೀಗೊಂದು ಬಂದಿದೆ" ಎಂದು ಶುರುವಾದ ಮಾತು ಕೊನೆಗೆ ಕಾಫಿಗೆ ಹೋಗಿ ಮುಗಿಯುತ್ತದೆ, ದಾಖಲೆ ಏನೂ ಉಳಿಯುವುದಿಲ್ಲ. ಪತ್ರ ಬರೆಯಿರಿ. ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ಪತ್ರಿಕೆಯ ಇಂಥ ಸಂಚಿಕೆಯಲ್ಲಿ ಪ್ರಕಟವಾದ ನಿಮ್ಮ ಲೇಖನದ 42, 43ನೇ ಪುಟಗಳ ಮೂರು ಪ್ಯಾರಾಗಳು ಇಂಥ ಪುಸ್ತಕದ 118ನೇ ಪುಟವನ್ನು ಹೋಲುತ್ತವೆ ಎಂದು ಓದುಗರೊಬ್ಬರು ಗಮನಕ್ಕೆ ತಂದಿದ್ದಾರೆ. ಎರಡೂ ಭಾಗಗಳ ಪ್ರತಿ ಲಗತ್ತಿಸಿದೆ. ಈ ಹೋಲಿಕೆ ಹೇಗೆ ಬಂತೆಂಬುದನ್ನು ಇಂಥ ದಿನಾಂಕದೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ. ಪತ್ರಿಕೆ ಇನ್ನೂ ಯಾವ ತೀರ್ಮಾನಕ್ಕೂ ಬಂದಿಲ್ಲ. ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮರ್ಪಕವಾಗಿರದಿದ್ದಲ್ಲಿ ವಿಷಯವನ್ನು ನಿಮ್ಮ ಸಂಸ್ಥೆಗೆ ತಿಳಿಸಬೇಕಾಗುತ್ತದೆ."

ಕೃತಿಚೌರ್ಯ, ಮೋಸ, ಕಳವು ಎಂಬ ಪದಗಳು ಇದರಲ್ಲಿಲ್ಲ ಎಂಬುದನ್ನು ಗಮನಿಸಿ. ಏನು ಕಂಡಿತೋ ಅದನ್ನಷ್ಟೇ ಹೇಳಿ. ಪತ್ರ ಎಲ್ಲ ಲೇಖಕರಿಗೂ ಹೋಗಲಿ.

ವ್ಯಕ್ತಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ಸಂಪಾದಕರಿಗಿಲ್ಲ. ಪ್ರಯೋಗಾಲಯದ ಪುಸ್ತಕ, ಹಾರ್ಡ್ ಡಿಸ್ಕ್ ತರಿಸಿಕೊಳ್ಳುವ ಅಧಿಕಾರವಿರುವುದು ಸಂಸ್ಥೆಗೆ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿ ಇರಬೇಕು. ಪತ್ರ ಅದಕ್ಕೆ, ಪ್ರತಿ ಕುಲಸಚಿವರಿಗೆ. ನಿಮ್ಮ ಹೊಣೆ ನಿಮ್ಮ ಪತ್ರಿಕೆಯ ಪುಟಗಳ ಬಗ್ಗೆ.

ಸಂಸ್ಥೆ ಉತ್ತರಿಸದಿದ್ದರೆ? ಇದೇ ನಿಜವಾದ ಬಿಕ್ಕಟ್ಟು. 1992ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಭಾರತದ ವೈದ್ಯರೊಬ್ಬರ ಆಹಾರ ಮತ್ತು ಹೃದಯಾಘಾತದ ಪ್ರಯೋಗವನ್ನು ಪ್ರಕಟಿಸಿತು. ಬೇಗನೆ ಅನುಮಾನಗಳು ಹುಟ್ಟಿದವು. ತನಿಖೆ ಮಾಡಬಲ್ಲ ಒಂದು ಸಂಸ್ಥೆಯನ್ನು ಹುಡುಕುವುದರಲ್ಲೇ ಪತ್ರಿಕೆ ವರ್ಷಗಳನ್ನು ಕಳೆಯಿತು. ಕೊನೆಗೆ 2005ರಲ್ಲಿ, ನಡೆದದ್ದನ್ನೆಲ್ಲ ಓದುಗರ ಮುಂದಿಟ್ಟು, ಆ ಲೇಖನದ ಬಗ್ಗೆ ಕಳವಳ ಸೂಚನೆ ಪ್ರಕಟಿಸಿತು. ಅಷ್ಟು ಕಾಯಬೇಡಿ ಎಂಬುದು ನನ್ನ ಸಲಹೆ. ಗಂಭೀರ ಅನುಮಾನವಿದ್ದು, ನೆನಪಿನ ಪತ್ರಗಳಿಗೂ ಉತ್ತರವಿಲ್ಲದಿದ್ದರೆ "ಈ ಲೇಖನದ ಇಂಥ ಅಂಶದ ಬಗ್ಗೆ ಪ್ರಶ್ನೆಗಳಿವೆ, ಸಂಸ್ಥೆಗೆ ಬರೆದಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ" ಎಂಬ ಸೂಚನೆಯನ್ನು ಹಾಕಿ. ಅದು ಶಿಕ್ಷೆಯಲ್ಲ, ಓದುಗರಿಗೆ ಕೊಡುವ ಮಾಹಿತಿ.

ಹಂತ 8: ತಿದ್ದಿ, ಅಥವಾ ಹಿಂಪಡೆಯಿರಿ, ಮುಚ್ಚಿಡಬೇಡಿ

ಒಂದು ಕೋಷ್ಟಕ ತಪ್ಪಿದ್ದು ತೀರ್ಮಾನ ಉಳಿಯುವುದಾದರೆ ತಿದ್ದುಪಡಿ. ತೀರ್ಮಾನವೇ ನಿಲ್ಲದಿದ್ದರೆ, ಅಥವಾ ಬರಹ ಬೇರೆಯವರದಾದರೆ ಹಿಂಪಡೆಯುವುದು. ಪ್ರಾಮಾಣಿಕ ತಪ್ಪಿಗೂ ಹಿಂಪಡೆಯಬಹುದು, ಹಾಗಿದ್ದಾಗ ಸೂಚನೆಯಲ್ಲಿ ಅದನ್ನು ಸ್ಪಷ್ಟವಾಗಿ ಹೇಳುವುದು ಲೇಖಕರಿಗೆ ಸಲ್ಲಬೇಕಾದ ನ್ಯಾಯ. 2018ರ ರಸಾಯನಶಾಸ್ತ್ರ ನೊಬೆಲ್ ಪಡೆದ ಫ್ರಾನ್ಸೆಸ್ ಅರ್ನಾಲ್ಡ್, ಫಲಿತಾಂಶ ಮತ್ತೆ ಬರುತ್ತಿಲ್ಲವೆಂದು 2020ರ ಆರಂಭದಲ್ಲಿ ಸೈನ್ಸ್ ಪತ್ರಿಕೆಯ ತಮ್ಮ ಲೇಖನವನ್ನು ಹಿಂಪಡೆದು ತಾವೇ ಅದನ್ನು ಎಲ್ಲರಿಗೂ ಹೇಳಿದರು. ಅವರ ಮರ್ಯಾದೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ತಡಮಾಡಿದರೆ ಆಗುವ ಹಾನಿಗೆ ಲ್ಯಾನ್ಸೆಟ್‌ನ ಇನ್ನೊಂದು ಕಥೆ ಸಾಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯ ಹುಟ್ಟಿಸಿದ, 12 ಮಕ್ಕಳ ಮೇಲಿನ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಲೇಖನ 1998ರ ಫೆಬ್ರವರಿಯಲ್ಲಿ ಬಂತು. 2004ರಲ್ಲಿ ಹತ್ತು ಸಹಲೇಖಕರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಪೂರ್ತಿ ಹಿಂಪಡೆದದ್ದು 2010ರ ಫೆಬ್ರವರಿ 2ರಂದು. ಆ ಹನ್ನೆರಡು ವರ್ಷಗಳಲ್ಲಿ ಎಷ್ಟೋ ತಂದೆತಾಯಂದಿರು ಲಸಿಕೆಗೆ ಹೆದರಿದ್ದರು, ಆ ಹೆದರಿಕೆ ಇವತ್ತಿಗೂ ಹೋಗಿಲ್ಲ.

ಸೂಚನೆಯಲ್ಲಿ ಇರಬೇಕಾದವು: ಲೇಖನದ ಪೂರ್ತಿ ಹೆಸರು, ಸಂಪುಟ, ಪುಟ, ಹಿಂಪಡೆಯುತ್ತಿರುವವರು ಯಾರು, ಲೇಖಕರೋ ಸಂಪಾದಕರೋ, ಕಾರಣ ಏನು, ಒಪ್ಪದ ಲೇಖಕರಿದ್ದರೆ ಆ ಮಾತು, ದಿನಾಂಕ. "ತಾಂತ್ರಿಕ ಕಾರಣಗಳಿಂದ" ಎಂಬ ಪದವನ್ನು ಹತ್ತಿರಕ್ಕೂ ಬಿಡಬೇಡಿ. ಸೂಚನೆ ಎಲ್ಲರಿಗೂ ಉಚಿತವಾಗಿ ಸಿಗಬೇಕು.

ಲೇಖನದ ಪಿಡಿಎಫ್ ಅಳಿಸಿಹಾಕುವುದು ನಮ್ಮಲ್ಲಿ ಬಹಳ ಪ್ರಿಯವಾದ ದಾರಿ. ಅದರಿಂದ ಆಗುವುದು ಇಷ್ಟೇ: ಈಗಾಗಲೇ ಇಳಿಸಿಕೊಂಡವರು ಅದನ್ನು ನಂಬಿ ಉಲ್ಲೇಖಿಸುತ್ತಲೇ ಇರುತ್ತಾರೆ, ಮೂಲ ಲೇಖಕನಿಗೆ ತನ್ನ ಬರಹ ಕಳವಾಗಿತ್ತೆಂಬುದಕ್ಕೆ ಸಾಕ್ಷಿಯೂ ಇರುವುದಿಲ್ಲ. ಲೇಖನ ಅಲ್ಲೇ ಇರಲಿ, ಪ್ರತಿ ಪುಟದ ಮೇಲೆ "ಹಿಂಪಡೆಯಲಾಗಿದೆ" ಎಂದು ಅಡ್ಡಲಾಗಿ ಅಚ್ಚಾಗಲಿ. ಮುದ್ರಿತ ಪತ್ರಿಕೆಯಾದರೆ ಮುಂದಿನ ಸಂಚಿಕೆಯ ಪರಿವಿಡಿಯಲ್ಲಿ ಸೇರಿಸಿ, ಪುಟ ಸಂಖ್ಯೆ ಇರುವ ಪುಟದಲ್ಲಿ ಹಾಕಿ, ಚಂದಾದಾರ ಗ್ರಂಥಾಲಯಗಳಿಗೆ ಒಂದು ಚೀಟಿ ಕಳಿಸಿ ಹಳೆಯ ಸಂಚಿಕೆಗೆ ಅಂಟಿಸಲು ಹೇಳಿ. ಲೇಖನಕ್ಕೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಇದ್ದರೆ, ಅಂಥ ಸಂಖ್ಯೆಗಳನ್ನು ನೋಂದಾಯಿಸುವ ಕ್ರಾಸ್‌ರೆಫ್‌ನಲ್ಲೂ ದಾಖಲಿಸಿ. ಹಿಂಪಡೆದ ಲೇಖನಗಳ ಲೆಕ್ಕವಿಡುವ ರಿಟ್ರ್ಯಾಕ್ಷನ್ ವಾಚ್‌ನ ದತ್ತಸಂಚಯ 2023ರಿಂದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಮುಕ್ತವಾಗಿದೆ; ಹೊಸ ಲೇಖನ ಬಂದಾಗ ಅದರ ಉಲ್ಲೇಖಗಳಲ್ಲಿ ಹಿಂಪಡೆದದ್ದು ಇದೆಯೇ ಎಂದು ನೋಡಲೂ ಅದು ನೆರವಾಗುತ್ತದೆ.

ಇದರ ಜೊತೆಗೆ ಪತ್ರಗಳ ವಿಭಾಗವೊಂದನ್ನು ಇಟ್ಟುಕೊಳ್ಳಿ. 1932ರಿಂದ ಬೆಂಗಳೂರಿನಿಂದ ಹೊರಡುತ್ತಿರುವ ಕರೆಂಟ್ ಸೈನ್ಸ್‌ನಲ್ಲಿ ಪತ್ರವ್ಯವಹಾರದ ಪುಟಗಳಿಗೆ ಒಳ್ಳೆಯ ಸ್ಥಾನವಿದೆ. ಓದುಗರು ಆಕ್ಷೇಪವನ್ನು ಹೆಸರು ಹಾಕಿ ಬರೆಯಲು, ಲೇಖಕರು ಅಲ್ಲೇ ಉತ್ತರಿಸಲು ಜಾಗವಿದ್ದರೆ ಎಷ್ಟೋ ವಿಷಯಗಳು ದೂರಿನ ಹಂತಕ್ಕೆ ಹೋಗುವುದೇ ಇಲ್ಲ.

ಹಂತ 9: ಮುಂದಿನವರಿಗೆ ಕಡತ ಒಪ್ಪಿಸಿ

ಪತ್ರಿಕೆಯ ವ್ಯವಹಾರವೆಲ್ಲ ಸಂಸ್ಥೆಯ ಇಮೇಲಿನಲ್ಲೇ ನಡೆಯಲಿ, ಸ್ವಂತ ವಾಟ್ಸ್ಆ್ಯಪ್‌ನಲ್ಲಿ ಬೇಡ. ಪ್ರತಿ ಲೇಖನಕ್ಕೂ ಒಂದು ಫೋಲ್ಡರ್: ಮೊದಲ ಕರಡು, ನಮೂನೆ, ಹೋಲಿಕೆಯ ವರದಿ, ಪರಿಶೀಲಕರ ವರದಿಗಳು, ತೀರ್ಮಾನದ ಪತ್ರ. ದೂರುಗಳು ಎಷ್ಟೋ ಸಲ ಐದಾರು ವರ್ಷಗಳ ನಂತರ ಬರುತ್ತವೆ, ಆಗ ಉತ್ತರಿಸಬೇಕಾದವರು ನೀವಾಗಿರುವುದಿಲ್ಲ. ಅಧಿಕಾರ ಬಿಡುವ ದಿನ, ಇತ್ಯರ್ಥವಾಗದ ದೂರುಗಳ ಪಟ್ಟಿ ಮಾಡಿ, ಯಾವುದು ಯಾರ ಬಳಿ ಎಷ್ಟು ದಿನದಿಂದ ಬಾಕಿಯಿದೆ ಎಂದು ಬರೆದು, ನೀವೂ ಹೊಸಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಮಾಲೀಕ ಸಂಸ್ಥೆಗೆ ಕೊಡಿ.